ಮನೆ ಹಾಕಿದ್ದೀನಿ, ಕೂತ್ಕೊಳ್ಳಿ

ಪಲ್ಲಾವರಂನ ವಾರದ ಸಂತೆಗೆ ನಾನು ಹೋಗಿದ್ದು ಹೂವಿನ ಕುಂಡಕ್ಕೆ. ಆದರೆ ಆ ಸಂತೆಗೆ ಹೋದವರು ಬೇಕಾದ್ದನ್ನೇ ತಂದದ್ದು ಉಂಟೇ? ಹಳೆಯ ಫ್ಯಾನು, ಮುಚ್ಚಳವಿಲ್ಲದ ಮಿಕ್ಸಿ ಜಾರು, ಒಂಟಿ ಬಾಗಿಲು, ಇವುಗಳ ರಾಶಿಯ ಪಕ್ಕದಲ್ಲಿ ಒಂದು ಮಣೆ ಕಂಡಿತು. ಹಲಸಿನ ಮರದ್ದು, ಕೆಳಗೆ ಎರಡು ಅಡ್ಡಪಟ್ಟಿ. ಎತ್ತಿ ಮೂಗಿನ ಹತ್ತಿರ ತಂದೆ. ಧೂಳು, ಎಣ್ಣೆಯ ಜಿಡ್ಡು, ಅದರಡಿಯಲ್ಲೆಲ್ಲೋ ಇಂಗಿನ ವಾಸನೆ. ಅಷ್ಟೇ ಸಾಕಾಯಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಸೆರಗಿನಿಂದ ಅದರ ಮೈ ಉಜ್ಜತೊಡಗಿದೆ.

“ಎನ್ನಮ್ಮಾ ತೇಡ್ರೀಂಗ?” ಏನು ಹುಡುಕುತ್ತಿದ್ದೀರಿ ಎಂದು ಮಾರುವವನು ಕೇಳಿದ.

ಸುಟ್ಟ ಕಲೆ ಎಂದರೆ ಅವನು ನನ್ನನ್ನು ಹೇಗೆ ನೋಡುತ್ತಿದ್ದನೋ! ಬಾಣಲೆಯ ತಳದಷ್ಟು ಅಗಲದ ಒಂದು ಕಪ್ಪು ಕಲೆ. ಎಷ್ಟು ಉಜ್ಜಿದರೂ ಅದು ಕಾಣಲಿಲ್ಲ. ಹಾಗಿದ್ದರೂ ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡೇ ರೈಲು ಹತ್ತಿದೆ. ಕುಂಡ ನೆನಪಾದದ್ದು ಅಂಬತ್ತೂರಿನಲ್ಲಿ ಇಳಿದ ಮೇಲೆ.

ಕಲೆಯಿದ್ದ ಆ ಮಣೆ ನಮ್ಮ ಕೆಳಮನೆ ಮಾಮಿಯದು. ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರದ ಗಲ್ಲಿಯೊಂದರಲ್ಲಿ ಮೇಲಿನ ಮನೆ ನಮ್ಮದು, ಕೆಳಗಿನದು ಅವರದು. ಅಪ್ಪ ಇನ್ಶೂರೆನ್ಸ್ ಆಫೀಸಿನವರು. ಮೈಸೂರಿನಿಂದ ವರ್ಗವಾಗಿ ಬಂದು ಅಲ್ಲೇ ಬೇರುಬಿಟ್ಟಿದ್ದರು. ಮಾಮಿಯವರದು ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಅಯ್ಯಂಗಾರರ ಮನೆ. ಗಲ್ಲಿಯಲ್ಲಿ ಆಗುವುದೆಲ್ಲ ಮಾಮಿಗೆ ಗೊತ್ತಾಗಲೇಬೇಕು. ಯಾರ ಚೀಲದಲ್ಲಿ ಯಾವ ತರಕಾರಿ, ಯಾರ ಬಾಗಿಲಲ್ಲಿ ಹೊಸ ಚಪ್ಪಲಿ, ನನ್ನ ಜಡೆಗೆ ಇವತ್ತೇಕೆ ಕೆಂಪು ರಿಬ್ಬನ್ನು... ಕೇಳದೆ ಬಿಟ್ಟವರಲ್ಲ. ಕೇಳಿ ತಿಳಿದದ್ದನ್ನು ಸಂಜೆಯೊಳಗೆ ಹಂಚದೆ ಇದ್ದವರೂ ಅಲ್ಲ. ಮಾಮಿಯ ಬಾಯಲ್ಲಿ ಎಳ್ಳುಕಾಳು ನೆನೆಯೋದಿಲ್ಲ ಎಂದು ಅಮ್ಮ ನಗುತ್ತಿದ್ದಳು.

ಮಾಮಿ ಕನ್ನಡ ಕಲಿತದ್ದು ಅಮ್ಮನಿಂದ, ಹಪ್ಪಳ ಒಣಗಿಸುವ ಮಹಡಿಯ ಮೇಲೆ. ಪರೀಕ್ಷೆಯಿಲ್ಲದ ಪಾಠ, ಹಾಗಾಗಿ ತಪ್ಪುಗಳೂ ಹಪ್ಪಳದ ಜೊತೆಗೇ ಒಣಗಿ ಗಟ್ಟಿಯಾದವು. ನಾನು ಶಾಲೆಯಿಂದ ಬರುವಾಗ ಗೇಟಿನಲ್ಲೇ ಹಿಡಿದು, “ವಾಡೀ ಕೊಳಂದೆ, ಮಣೆಗೆ ಬಂದ್ಯಾ?” ಎನ್ನುತ್ತಿದ್ದರು. ಬಾರೇ ಮಗು, ಮನೆಗೆ ಬಂದೆಯಾ ಎಂದು ಅರ್ಥ, ಮನೆಗೆ ಎನ್ನುವುದು ಅವರ ಬಾಯಲ್ಲಿ ಮಣೆಗೆ. ನಾನು ಕಿಸಕ್ಕೆಂದು ನಗುತ್ತಿದ್ದೆ. ನಕ್ಕು ಮುಗಿಯುವಷ್ಟರಲ್ಲಿ ಅಡುಗೆಮನೆಯ ಹೊಸ್ತಿಲ ಪಕ್ಕ ನಿಜವಾಗಿಯೂ ಒಂದು ಮಣೆ ಬಿದ್ದಿರುತ್ತಿತ್ತು. ಅದರ ಮೇಲೆ ಕೂತ ಮೇಲೆಯೇ ಹಾಲು, ಹಾಲಿಗೆ ನಾಲ್ಕು ತೊಟ್ಟು ಡಿಕಾಕ್ಷನ್ನು, ಆಮೇಲೆ ಪ್ರಶ್ನೆಗಳು. ಹಾಗೆ ನೋಡಿದರೆ ಮಣೆಗೆ ಬಂದ್ಯಾ ಎನ್ನುವುದು ಪೂರ್ತಿ ತಪ್ಪೇನೂ ಆಗಿರಲಿಲ್ಲ.

ನಗುವ ಯೋಗ್ಯತೆ ನನಗಂತೂ ಇರಲಿಲ್ಲ. ನಾನು ಓದಿದ್ದು ತಮಿಳಿನಲ್ಲಿ. ನನ್ನ ಕನ್ನಡ ಕಿವಿಯಲ್ಲಿ ಕೇಳಿದ್ದೇ ಹೊರತು ಕಣ್ಣಲ್ಲಿ ಕಂಡದ್ದಲ್ಲ. ಮಾಮಿ ಮನೆಯನ್ನು ಮಣೆ ಮಾಡಿದರೆ ನಾನು ಮಣೆಯನ್ನು ಮನೆ ಮಾಡುತ್ತಿದ್ದೆ. ನಮ್ಮ ಗಲ್ಲಿಯಲ್ಲಿ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ತೊಂದರೆಯಾದದ್ದು ಮದುವೆಯಾಗಿ ಅಂಬತ್ತೂರಿಗೆ ಬಂದ ಮೇಲೆ. ನಮ್ಮವರು ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅವರು, ಅತ್ತೆ ಇಬ್ಬರೂ ಧಾರವಾಡದ ಕಡೆಯವರು. ಮದುವೆಯಾಗಿ ನಾಲ್ಕು ತಿಂಗಳಾಗಿರಬೇಕು, ಊರಿನಿಂದ ನೆಂಟರು ಬಂದರು. ಎಲೆ ಹಾಕಿ, ನೀರಿಟ್ಟು, ನಡುಮನೆಗೆ ಹೋಗಿ ಬಹಳ ವಿನಯದಿಂದ ಹೇಳಿದೆ: “ಮನೆ ಹಾಕಿದ್ದೀನಿ, ಕೂತ್ಕೊಳ್ಳಿ.”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ನಿಲ್ಲಲಿಲ್ಲ. “ನಮ್ಮಾಕಿ ಊಟಕ್ಕೊಂದು ಮನಿ ಕಟ್ಟತಾಳ ನೋಡ್ರಿ,” ಎಂದರು ನಮ್ಮವರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನೆಂಟರು ಊರಿಗೆ ಹೋದರು, ತಮಾಷೆ ಮಾತ್ರ ನಮ್ಮಲ್ಲೇ ಉಳಿಯಿತು. ದಿನಾ ಊಟಕ್ಕೆ ಕೂರುವಾಗ “ಇವತ್ತ ಎಷ್ಟು ಮನಿ?” ಎಂಬ ಪ್ರಶ್ನೆ. ಅವರ ಮನಸ್ಸಿನಲ್ಲಿ ವಿಷವಿರಲಿಲ್ಲ ಎಂದು ಈಗ ಹೇಳಬಲ್ಲೆ. ಆಗ ಹೇಳಲಾರದವಳಾಗಿದ್ದೆ. ಮೊದಲು ಮಾತುಗಳನ್ನು ತೂಗತೊಡಗಿದೆ, ಆಮೇಲೆ ಕಡಿಮೆ ಮಾಡಿದೆ, ಕೊನೆಗೆ ಹೂಂ, ಊಹೂಂ ಎಂದು ತಲೆಯಾಡಿಸುವುದರಲ್ಲೇ ದಿನ ಕಳೆಯತೊಡಗಿತು. ಬಾಯಿ ತೆರೆಯಲು ಹೆದರಬೇಕಾದ ಮನೆ ನನ್ನ ಮನೆ ಹೇಗಾದೀತು?

ಒಂದು ಬೆಳಿಗ್ಗೆ ನಮ್ಮವರು ಕೆಲಸಕ್ಕೆ ಹೋದ ಮೇಲೆ ಚೀಲಕ್ಕೆ ನಾಲ್ಕು ಸೀರೆ ತುರುಕಿಕೊಂಡು, “ಅತ್ತೆ, ಅಮ್ಮನ ಮನೆಗೆ ಹೋಗಿ ಬರ್ತೀನಿ,” ಎಂದೆ. ಬರ್ತೀನಿ ಎಂದದ್ದು ಬಾಯಿಮಾತಿಗೆ. ಬರುವ ಮನಸ್ಸಿರಲಿಲ್ಲ. ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರದಿಂದ ತಲೆಯೆತ್ತದೆ ನಕ್ಕರು. “ಮನಿಗ್ಯೋ, ಮಣಿಗ್ಯೋ?”

ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ.

ಎರಡು ರೈಲು ಬದಲಿಸಿ ಮಾಂಬಲಂ ಮುಟ್ಟುವಾಗ ಮಧ್ಯಾಹ್ನ. ನೋಡಿದರೆ ಮೇಲೆ ನಮ್ಮ ಮನೆಗೆ ಬೀಗ! ಮೈಸೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ವಾರ ಬಿಟ್ಟು ಹೊರಡುತ್ತೇವೆ ಎಂದಿದ್ದ ಅಪ್ಪ ಅಮ್ಮ ಮೊದಲೇ ಹೊರಟುಬಿಟ್ಟಿದ್ದರು. ಅಮ್ಮನ ಮನೆಗೆ ಬಂದು, ಅಮ್ಮನೂ ಇಲ್ಲದೆ, ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತ ಆ ಹೊತ್ತು... ಅದನ್ನು ಹೇಗೆ ಹೇಳಲಿ. ಕೆಳಗೆ ಮಾಮಿಯ ಬಾಗಿಲು ತೆರೆದಿತ್ತು. ಹೋಗಲು ಹಿಂಜರಿಕೆ. ಅವರ ಪ್ರಶ್ನೆಗಳಿಗೆ ಏನೆಂದು ಹೇಳುವುದು? ಗಂಡ ಟೂರ್ ಹೋಗಿದ್ದಾರೆ ಎಂಬ ಸುಳ್ಳನ್ನು ಎರಡು ಸಲ ಒಳಗೊಳಗೇ ಒಪ್ಪಿಸಿಕೊಂಡು ಹೊಸ್ತಿಲು ದಾಟಿದೆ.

ಒಳಗೆ ಸುಟ್ಟ ಮರದ ವಾಸನೆ. ಮಾಮಿ ಒದ್ದೆ ಬಟ್ಟೆ ಹಿಡಿದು ಮಣೆಯನ್ನು ಉಜ್ಜುತ್ತಿದ್ದರು. ಅದರ ಮೇಲೊಂದು ಹೊಸ ಕಪ್ಪು ಕಲೆ. ಚಮಚವನ್ನೂ ಜೋಡಿಸಿಡುವ ಹೆಂಗಸು ಅಷ್ಟು ಅಜಾಗರೂಕತೆಯಿಂದ ಬಿಸಿ ಬಾಣಲೆಯನ್ನು ಮಣೆಯ ಮೇಲಿಟ್ಟದ್ದಾದರೂ ಹೇಗೆ ಎಂದು ಆ ಸಂಕಟದಲ್ಲೂ ನನಗೆ ಅನ್ನಿಸಿತು. ಮಾಮಿ ನನ್ನ ಮುಖ ನೋಡಿದರು, ಚೀಲ ನೋಡಿದರು.

“ಮಣೆಗೆ ಬಂದ್ಯಾ? ವಾ. ಮೊದ್ಲು ಸಾಪ್ಡು, ಊಟ ಮಾಡು.”

ಅಷ್ಟೇ. ಬೇರೆ ಒಂದು ಪ್ರಶ್ನೆಯಿಲ್ಲ. ಕೂತರೆ ಮಣೆ ಇನ್ನೂ ಬೆಚ್ಚಗಿತ್ತು. ಬಿಸಿ ಅನ್ನ, ಮೆಣಸಿನ ರಸಂ, ಸ್ವಲ್ಪ ಸೀದುಹೋದ ಬಾಳೆಕಾಯಿ ಪಲ್ಯ. ನಾನು ಅಳುತ್ತಲೇ ಉಂಡೆ. ಅವರು ಬಡಿಸುತ್ತಲೇ ಹೋದರು.

ಮೂರು ದಿನ ಹಾಗೇ ಕಳೆಯಿತು. ನಮ್ಮ ಮನೆಯ ಬೀಗದ ಕೈ ಮಾಮಿಯ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿರುತ್ತದೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಅವರು ಕೊಡಲಿಲ್ಲ, ನಾನು ಕೇಳಲಿಲ್ಲ. ಹೂ ಕಟ್ಟಿಸಿದರು, ಹುಣಸೆಹಣ್ಣಿನ ಬೀಜ ತೆಗೆಸಿದರು, ಗಲ್ಲಿಯ ಸುದ್ದಿಯನ್ನೆಲ್ಲ ಮನೆಮನೆಯಾಗಿ ಒಪ್ಪಿಸಿದರು. ನನ್ನ ಸುದ್ದಿಯೊಂದನ್ನು ಬಿಟ್ಟು. ಎರಡನೆಯ ದಿನ ಸಂಜೆ ಹುಣಸೆಯ ಮುಂದೆ ಕೂತು ನಾನು ತಡೆಯಿಲ್ಲದೆ ಶಾಲೆಯ ದಿನಗಳ ಯಾವುದೋ ಕಥೆ ಹೇಳುತ್ತಿರುವುದು ನನಗೇ ಕೇಳಿಸಿತು. ಅರ್ಧ ತಮಿಳು, ಅರ್ಧ ಕನ್ನಡ, ಎಲ್ಲ ಅಕ್ಷರವೂ ಅದಲು ಬದಲು. ಯಾರೂ ನಗಲಿಲ್ಲ. ಎಷ್ಟೋ ದಿನದ ಮೇಲೆ ನನ್ನ ಬಾಯಿ ನನಗೆ ವಾಪಸು ಸಿಕ್ಕಿತ್ತು.

ಮೂರನೆಯ ದಿನ ನಮ್ಮವರು ಬಂದರು. ಗೇಟಿನಲ್ಲಿ ನಿಂತು, “ಅವ್ವ ಕಳಿಸ್ಯಾಳ,” ಎಂದರು. ಅಂದರೆ ತಾನಾಗಿ ಬಂದದ್ದಲ್ಲ ಎಂದು ನಾನು ಮುಖ ತಿರುಗಿಸಿದೆ. ಮಾಮಿ ಮಣೆ ತಂದು ನಡುಮನೆಯಲ್ಲಿ ಹಾಕಿದರು. ಎದುರಿಗೆ ನಿಂತು, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದರು.

“ವಾಂಗೋ. ಮನೆ ಹಾಕಿದ್ದೀನಿ, ಕೂತ್ಕೊಳ್ಳಿ.”

ನಮ್ಮವರ ಕಿವಿ ಕೆಂಪಾಯಿತು. ಮಾಮಿ ಕದಲಲಿಲ್ಲ. ಇವರು ಕೂರುವ ತನಕ ನಿಂತೇ ಇದ್ದು, ಕೂತ ಮೇಲೆ ಕಾಫಿ ತರಲು ಒಳಗೆ ಹೋದರು. ನಮ್ಮವರು ತಲೆ ತಗ್ಗಿಸಿಕೊಂಡೇ, “ಇನ್ನ ನಗಂಗಿಲ್ಲ. ನೀ ಮಾತಾಡು,” ಎಂದರು. ಕೊಟ್ಟ ಮಾತನ್ನು ಇವತ್ತಿನವರೆಗೆ ಉಳಿಸಿಕೊಂಡಿದ್ದಾರೆ. ನಾನೂ ಹಟಕ್ಕೆ ಬಿದ್ದು ಕನ್ನಡ ಅಕ್ಷರ ಕಲಿತೆ. ಯಾವುದಕ್ಕೆ ನ, ಯಾವುದಕ್ಕೆ ಣ ಎಂದು ಕಣ್ಣಿಗೆ ಕಂಡದ್ದು ಆಗಲೇ.

ಆದರೆ ಒಂದು ಒಗಟು ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು. ಮಾಮಿ ಯಾವತ್ತೂ ಮನೆಯನ್ನು ಮಣೆ ಎಂದವರೇ ಹೊರತು ಮಣೆಯನ್ನು ಮನೆ ಎಂದವರಲ್ಲ. ಆ ತಪ್ಪು ನನ್ನದು. ಅಂಬತ್ತೂರಿನ ಕಥೆಯನ್ನು ನಾನು ಅವರಿಗೆ ಹೇಳಿರಲೇ ಇಲ್ಲ. ಹಾಗಾದರೆ ಆ ದಿನ ಅದೇ ಮಾತು ಅವರ ಬಾಯಿಗೆ ಬಂದದ್ದು ಹೇಗೆ? ಗಲ್ಲಿಗೆಲ್ಲ ಪ್ರಶ್ನೆ ಕೇಳುವವರು ನನ್ನನ್ನು ಏಕೆ ಕೇಳಲಿಲ್ಲ? ಬೀಗದ ಕೈ ಏಕೆ ಕೊಡಲಿಲ್ಲ? ಎಷ್ಟೋ ವರ್ಷದ ಮೇಲೆ ಒಮ್ಮೆ ಕೇಳಿಯೂ ನೋಡಿದೆ. “ಕೀ ಕಾಣಿಸ್ಲಿಲ್ಲೆಡೀ,” ಎಂದು, ಅಂಬತ್ತೂರಿನಲ್ಲಿ ನುಗ್ಗೆಕಾಯಿ ಚೆನ್ನಾಗಿರತ್ತಾ ಎಂದು ನನಗೇ ತಿರುಗಿ ಪ್ರಶ್ನೆ ಹಾಕಿದರು.

ಅತ್ತೆಯನ್ನು ಕೊನೆಯವರೆಗೂ ಚೆನ್ನಾಗಿಯೇ ನೋಡಿಕೊಂಡೆ. ಜೋಳದ ರೊಟ್ಟಿ ಬಡಿಯುವುದನ್ನು ಕಲಿತೆ, ಕಾಲು ಒತ್ತಿದೆ. ಆದರೆ ‘ಮನಿಗ್ಯೋ, ಮಣಿಗ್ಯೋ’ ಎಂಬ ಆ ನಗುವನ್ನು ಮರೆತೆ ಎಂದರೆ ಸುಳ್ಳಾಗುತ್ತದೆ. ಮನಸ್ಸಿನ ಒಂದು ಮೂಲೆಗೆ ಬೀಗ ಹಾಕಿಯೇ ಇಟ್ಟಿದ್ದೆ. ಅವರು ಹೋಗಿ ನಾಲ್ಕು ವರ್ಷವಾಯಿತು. ಮಾಮಿ ಹೋಗಿ ಎರಡು. ಮಾಂಬಲಂನ ಆ ಕಟ್ಟಡವನ್ನೂ ಈಗ ಕೆಡವಿದ್ದಾರೆ. ಸಾಮಾನು ಎಲ್ಲೆಲ್ಲಿ ಹೋಯಿತೋ. ಅದಕ್ಕೇ ಸಂತೆಯಲ್ಲಿ ಆ ಕಲೆಯನ್ನು ಹುಡುಕಿದ್ದು...

ಮಣೆ ಹಿಡಿದು ಮನೆಗೆ ಬಂದಾಗ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಅಪ್ಪ ಹೋದ ಮೇಲೆ ಅವಳು ನಮ್ಮ ಜೊತೆಗೇ ಇದ್ದಾಳೆ. ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ತಡವಿದಳು.

“ಇದು ಮಾಮೀದಲ್ಲ ಕಣೇ. ಅದ್ರಲ್ಲಿ ಬಾಣಲೆ ಕಲೆ ಇತ್ತು. ಫೋನ್ ಬಂತೂಂತ ಅವಸರದಲ್ಲಿ ಇಟ್ಬಿಟ್ರಲ್ಲ ಪಾಪ.”

“ಯಾರ ಫೋನು? ನೀನು ಮೈಸೂರಲ್ಲಿದ್ದೆ. ನಿನಗೆ ಹೇಗೆ ಗೊತ್ತು?”

ಅಮ್ಮ ತುಟಿ ಕಚ್ಚಿಕೊಂಡಳು. ಆಮೇಲೆ ನಿಟ್ಟುಸಿರು ಬಿಟ್ಟು, “ಇನ್ನೇನು, ಇಬ್ರೂ ಹೋದ್ರು. ನಿಮ್ಮತ್ತೇದೇ ಫೋನು,” ಎಂದಳು.

ನಾನು ಮೆಟ್ಟಿಲಿಳಿದ ಮೇಲೆ ಅತ್ತೆಗೆ ಕೈಕಾಲು ಆಡಲಿಲ್ಲವಂತೆ. ಮದುವೆಯ ಕರೆಯೋಲೆ ಹುಡುಕಿ ತೆಗೆದು, ಅದರಲ್ಲಿ ಅಪ್ಪ ಅಚ್ಚು ಹಾಕಿಸಿದ್ದ ಮಾಮಿ ಮನೆಯ ನಂಬರು ಹಿಡಿದು, ಮೂಲೆಯಂಗಡಿಯಲ್ಲಿ ಸರದಿ ಕಾದು ಫೋನ್ ಮಾಡಿದ್ದರಂತೆ. ಮನಿ, ಮಣಿ ಎಲ್ಲ ಹೇಳಿ ಅತ್ತರಂತೆ. “ನಾ ನಕ್ಕೆ, ಹುಡುಗಿ ಎದ್ದು ಹೋತು. ಏನೂ ಕೇಳಬ್ಯಾಡ್ರಿ, ಮೊದಲ ಊಟಕ್ಕ ಹಾಕ್ರಿ. ನಾ ಫೋನ್ ಮಾಡೀನಂತ ಮಾತ್ರ ಹೇಳಬ್ಯಾಡ್ರಿ.” ಮಾಮಿ ಫೋನಿಟ್ಟ ಐದು ನಿಮಿಷಕ್ಕೆ ನಾನು ಬಂದಿದ್ದೆ. ಆ ಸಂಜೆಯೇ ಮೈಸೂರಿಗೆ ಫೋನ್ ಮಾಡಿ, ಓಡಿ ಬರಬೇಡಿ, ಒಬ್ಬಳೇ ಬಾಗಿಲು ಹಾಕಿಕೊಂಡು ಕೂರದಂತೆ ನೋಡಿಕೊಳ್ಳುತ್ತೇನೆ ಎಂದು ಅಮ್ಮನಿಗೆ ಹೇಳಿದ್ದರಂತೆ.

ಬಾಯಲ್ಲಿ ಎಳ್ಳುಕಾಳು ನೆನೆಯದ ಮಾಮಿ ಈ ಒಂದು ಕಾಳನ್ನು ಸಾಯುವ ತನಕ ಹೇಗೆ ಇಟ್ಟುಕೊಂಡರು? ಎಷ್ಟು ಸಲ ನಾಲಿಗೆಯ ತುದಿಗೆ ಬಂದಿರಬೇಕು! ಮತ್ತೆ ಅತ್ತೆ... ಕಾಲು ಒತ್ತಿಸಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದರಲ್ಲ, ಆಗ ಒಂದು ಮಾತು ಹೇಳಬಾರದಿತ್ತೇ? ನಾನಾದರೂ ಒಂದು ಮಾತು ಕೇಳಬಾರದಿತ್ತೇ?

ವಾಕಿಂಗ್‌ನಿಂದ ಬಂದ ನಮ್ಮವರಿಗೆ ಹೇಳಿದೆ. “ಅವ್ವ ಫೋನ್ ಮಾಡಿದ್ಲಾ?” ಎಂದು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಅವರಿಗೂ ಗೊತ್ತಿರಲಿಲ್ಲ.

ಮಣೆಯನ್ನು ಸೀಗೆಪುಡಿ ಹಾಕಿ ತೊಳೆದು ಬಿಸಿಲಿಗಿಟ್ಟು ಒಣಗಿಸಿದೆ. ಅಡುಗೆಮನೆಯ ಹೊಸ್ತಿಲ ಪಕ್ಕ ಹಾಕಿದೆ. ಎದುರಿನ ಗೋಡೆಯ ಮೇಲೆ ಅತ್ತೆಯ ಫೋಟೋ ಇದೆ. ಯಾರೂ ಇಲ್ಲದ ಹೊತ್ತು ನೋಡಿ, “ಮನೆ ಹಾಕಿದ್ದೀನಿ ಅತ್ತೆ, ಕೂತ್ಕೊಳ್ಳಿ,” ಎಂದೆ. ಬೇಕೆಂದೇ ತಪ್ಪಾಗಿ ಹೇಳಿದೆ. ನಗಲು ಅವರಿರಲಿಲ್ಲ.