ಸಿಪ್ಪೆ ತೆಗೆಯುವ ಕೈ

ಗರಗಸ ಸದ್ದು ಮಾಡುವ ಮುಂಚೆ ಕಿರಿ ಸೊಸೆ ಏಳಬೇಕು. ಹಿರಿ ಸೊಸೆ ಮರ ಕೊಯ್ಯಲು ನಿಂತರೆ ಮನೆಯೆಲ್ಲ ಹೊಟ್ಟು. ಒಂದು ಕಣ ಕಪಾಟಿನ ಬಾಗಿಲ ಹಾಳೆಯ ಹಿಂದೆ ಸೇರಿಕೊಂಡರೂ ಎಲ್ಲ ಬಿಚ್ಚಬೇಕು. ಹಾಗಾಗಿ ಬೆಳಕು ಸರಿಯಾಗಿ ಹರಿಯದ ಹೊತ್ತಿನಲ್ಲೇ ಅವಳು ಪಡಸಾಲೆಯಲ್ಲಿ ಮಂಡಿಯೂರಿದ್ದಾಳೆ. ಎದುರಿಗೆ ಎದೆಯೆತ್ತರದ ಮರದ ಕಪಾಟು. ಗುಂಡಿ, ದಾರ, ಲೇಸು ಇಡಲು ಬೀದಿಕೊನೆಯ ಟೈಲರಮ್ಮ ಮಾಡಿಸಿದ್ದು. ಒಳಗಿರುವುದು ಹೊರಗೆ ಕಾಣಬೇಕೆಂದು ಬಾಗಿಲಿಗೆ ಅಕ್ರಿಲಿಕ್ ಹಾಳೆ, ಗಾಜಿನಂಥ ಪ್ಲಾಸ್ಟಿಕ್ಕು. ಮರದ ಕೆಲಸ ಹಿರಿಯವಳದು, ಹಾಳೆಯದು ಇವಳದು.

ಡ್ರಿಲ್ಲು ನಿಧಾನವಾಗಿ ತಿರುಗುತ್ತದೆ. "ಜೋರು ಮಾಡಿದ್ರೆ ಹಾಳೆ ಕರಗಿ ಅಂಟ್ಕೊಳ್ಳುತ್ತೆ," ಎನ್ನುತ್ತಾಳೆ. "ತೂತು ಸ್ಕ್ರೂಗಿಂತ ಒಂಚೂರು ದೊಡ್ಡದೇ ಇರ್ಬೇಕು. ಬಿಸಿಲಿಗೆ ಹಾಳೆ ಹಿಗ್ಗುತ್ತೆ. ಜಾಗ ಸಿಗದಿದ್ರೆ ಒಳಗೊಳಗೇ ಬಿಗಿದು ಸೀಳಿಬಿಡುತ್ತೆ. ನನ್ನ ಥರಾನೇ."

ಮದುವೆಗೆ ಮುಂಚೆ ಅವಳು ಅಂಗಡಿಗಳ ನಾಮಫಲಕಕ್ಕೆ ಅಕ್ಷರ ಕತ್ತರಿಸುತ್ತಿದ್ದವಳು. ಈ ಮನೆಗೆ ಬಂದಾಗ ವಾರಗಿತ್ತಿ, ಇವಳ ಬಾಯಲ್ಲಿ ಅಕ್ಕ, ಹಳೆಯ ಪೆಟ್ಟಿಗೆಗಳ ಹಲಗೆಯಲ್ಲಿ ಕಪಾಟು ಮಾಡುತ್ತಿದ್ದಳು. ಇಬ್ಬರೂ ಸೇರಿ ಮಾಡಿದ ಮೊದಲ ಬಾಗಿಲು ಮಧ್ಯಾಹ್ನದ ಸೆಕೆಗೆ ಟಪ್ಪೆಂದು ಬಿರುಕು ಬಿಟ್ಟಿತು, ಇವಳು ಕೊರೆದ ತೂತು ಬಿಗಿಯಾಗಿತ್ತು. ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಇವಳಿಗೆ ಈಗಲೂ ಅನಿಸುತ್ತದೆ.

ಬಂದವರೆಲ್ಲ ಮರವನ್ನೇ ಸವರುತ್ತಾರೆ. ಹಿರಿಯವಳ ಕೈಯಲ್ಲಿ ಬಂಗಾರವಿದೆ ಅಂತ ಅತ್ತೆ ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಇವಳ ವಿಷಯ ಬಂದರೆ, ಜೊತೆಗೆ ಇವಳೂ ಏನೋ ಅಂಟಿಸ್ತಾಳೆ ಅಂತ ಮುಗಿಸುತ್ತಾರೆ. "ನನ್ನ ಕೆಲಸ ಚೆನ್ನಾಗಿದ್ರೆ ಕಾಣೋದೇ ಇಲ್ಲ. ಕಂಡಿತು ಅಂದ್ರೆ ಗೀರು ಬಿದ್ದಿದೆ ಅಂತ ಅರ್ಥ."

ಎಲ್ಲಕ್ಕಿಂತ ಅವಳ ಹೊಟ್ಟೆ ಉರಿಸುವುದು ಸಿಪ್ಪೆ. ಹಾಳೆಗೆ ಗೀರು ಬೀಳದಿರಲೆಂದು ಅಂಟಿಸಿರುವ ನೀಲಿ ಪೊರೆಗೆ ಈ ಮನೆಯಲ್ಲಿ ಸಿಪ್ಪೆ ಎಂದೇ ಹೆಸರು. ಹೊರಮೈಯ ಸಿಪ್ಪೆ ಗಿರಾಕಿಯ ಎದುರಿಗೇ ಬಿಡಿಸಬೇಕು. ಸರ್ರೆಂದು ಎಳೆದಾಗ ಕಪಾಟು ಕಣ್ಣು ಬಿಟ್ಟಂತೆ ಕಾಣುತ್ತದೆ, ನೋಡುವವರ ಬಾಯಲ್ಲಿ ತಾನಾಗಿ 'ಆಹಾ' ಬರುತ್ತದೆ. ಆ 'ಆಹಾ' ಯಾವತ್ತೂ ಅಕ್ಕನ ಪಾಲಿಗೆ. ಎಳೆಯುವವಳು ಅವಳೇ ತಾನೆ?

ಸ್ಕ್ರೂ ಕೂರುವಲ್ಲಿ ಸಿಪ್ಪೆಯನ್ನು ಮಡಚಿಯೇ ಬಿಗಿಯಬೇಕು. ಇಲ್ಲದಿದ್ದರೆ ವಾಷರ್ ಬಿಲ್ಲೆಯ ಅಡಿ ಸಿಕ್ಕಿಕೊಂಡು ಎಳೆಯುವಾಗ ಹರಿಯುತ್ತದೆ. ಮನೆಯವರಿಗೆಲ್ಲ ಇದನ್ನು ಬಾಯಿಪಾಠ ಮಾಡಿಸಿದವಳೇ ಇವಳು. ಇವತ್ತು ಒಂದೊಂದೇ ಸ್ಕ್ರೂ ಬಿಗಿಯುತ್ತ ಬಂದವಳು ಕೊನೆಯದಕ್ಕೆ ಕೈ ನಿಲ್ಲಿಸುತ್ತಾಳೆ. ಅಕ್ಕ ಮಲಗಿರುವ ಒಳಕೋಣೆಯತ್ತ ನೋಡುತ್ತಾಳೆ. ಆಮೇಲೆ ಸಿಪ್ಪೆ ಮಡಚದೆಯೇ ಬಿಗಿದುಬಿಡುತ್ತಾಳೆ.

ಟೈಲರಮ್ಮನ ಅಂಗಡಿಯಲ್ಲಿ ದಾರದ ಉಂಡೆಗಳನ್ನೆಲ್ಲ ಕಪಾಟಿನೊಳಗೆ ಜೋಡಿಸಿದ ಮೇಲೆ ಅಕ್ಕ ಎಂದಿನಂತೆ ಸಿಪ್ಪೆಯ ಮೂಲೆ ಹಿಡಿದು ಎಳೆಯುತ್ತಾಳೆ. ಅರ್ಧಕ್ಕೆ ಸಿಪ್ಪೆ ಪರ್ರೆಂದು ಹರಿಯುತ್ತದೆ. ಉಗುರಿನಲ್ಲಿ ಕೆರೆಯುತ್ತಾಳೆ, ಬರುವುದಿಲ್ಲ. ಟೈಲರಮ್ಮ ಕತ್ತರಿ ಕೊಡಲಾ ಎಂದು ಕೇಳುತ್ತಾರೆ. ಬೇಕಾದದ್ದು ಇದೇ ಆಗಿದ್ದರೂ ಇವಳು ಅತ್ತ ನೋಡಲಾರಳು. ಅಕ್ಕ ಬಗ್ಗಿ ಆ ಸ್ಕ್ರೂ ನೋಡುತ್ತಾಳೆ, ಇವಳ ಮುಖ ನೋಡುತ್ತಾಳೆ.

"ಇದಕ್ಕೆ ನಮ್ಮ ಚಿಕ್ಕವಳ ಕೈಯೇ ಆಗ್ಬೇಕಮ್ಮ," ಎಂದು ಪಕ್ಕಕ್ಕೆ ಸರಿಯುತ್ತಾಳೆ.

ಕಿರಿಯವಳು ಸ್ಕ್ರೂ ಸಡಿಲಿಸಿ ಉಳಿದ ಸಿಪ್ಪೆಯನ್ನು ಒಂದೇ ಉಸಿರಿಗೆ ಬಿಡಿಸುತ್ತಾಳೆ. ಒಳಗಿನ ಕೆಂಪು ದಾರದ ಉಂಡೆಗೆ ಕೈ ಹಾಕಹೋದ ಟೈಲರಮ್ಮನ ಬೆರಳು ಹಾಳೆಗೆ ತಗಲುತ್ತದೆ. "ಅಯ್ಯೋ, ಇಲ್ಲೇನೂ ಇಲ್ಲ ಅಂದ್ಕೊಂಡೆ!" ಎಂದು ನಗುತ್ತಾರೆ. ಇವಳ ಕಿವಿಗೆ ಆ ನಗು ತಂಪಾಗಿ ಇಳಿಯುತ್ತದೆ.

ದಾರಿಯಲ್ಲಿ ಖಾಲಿ ಗಾಡಿ ತಳ್ಳುತ್ತ ಅಕ್ಕ ಅಂದದ್ದು ಇಷ್ಟೇ: "ಇನ್ಮೇಲೆ ಸಿಪ್ಪೆ ನೀನೇ ತೆಗಿಯೇ. ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?"

ಈಗ ಪಡಸಾಲೆಯಲ್ಲಿ ಮುಂದಿನ ಕಪಾಟು ನಿಂತಿದೆ. ಕಿರಿಯವಳು ಎಲ್ಲ ಸ್ಕ್ರೂಗಳ ಅಡಿಯೂ ಸಿಪ್ಪೆಯನ್ನು ನೀಟಾಗಿ ಮಡಚುತ್ತಿದ್ದಾಳೆ. ಹೊಟ್ಟೆಕಿಚ್ಚು ಆರಿತೇ ಎಂದು ಕೇಳಿದರೆ ಸ್ಕ್ರೂಡ್ರೈವರು ಕೆಳಗಿಡುತ್ತಾಳೆ.

"ಎಲ್ಲಿ ಆರುತ್ತೆ? ದೊಡ್ಡ ಮನಸ್ಸಿನವಳು ಅನ್ನೋ ಹೆಸರೂ ಈಗ ಅವಳಿಗೇ ಹೋಯ್ತಲ್ಲ."