ಎಲೆಗೆ ಅಡ್ಡ ಹಿಡಿದ ಕೈ

ಆಗೆಲ್ಲ ಮದುವೆ ಊಟವೆಂದರೆ ಪಂಕ್ತಿ ಊಟ. ಒಮ್ಮೆ ಕೂತರೆ ಸಾಲಿನ ಕೊನೆಯ ಅಜ್ಜ ಮಜ್ಜಿಗೆ ಕುಡಿದು ಮುಗಿಸುವವರೆಗೂ ಏಳುವ ಹಾಗಿರಲಿಲ್ಲ. ನಡುವೆ ಎದ್ದರೆ ಪಕ್ಕದ ಎಲೆಯವರಿಗೆ ಅವಮಾನ ಎಂದು ಅಜ್ಜಿ ಗದರುತ್ತಿದ್ದಳು. ಹೋಳಿಗೆಯ ಆಸೆಗೆ ನಾನಂತೂ ಸಂಜೆಯವರೆಗೆ ಬೇಕಾದರೂ ಕೂರುವವಳು. ಎದ್ದು ಓಡಿಹೋಗಬೇಕು ಅನ್ನಿಸಿದ್ದು ಸೊರಬದ ಆ ಒಂದು ಮದುವೆಯಲ್ಲಿ ಮಾತ್ರ.

ನಾನಾಗ ನಾಲ್ಕನೇ ಕ್ಲಾಸು. ಶಿಕಾರಿಪುರದ ನಮ್ಮ ಮನೆಯಲ್ಲಿ ಅಜ್ಜಿಯ ಜೊತೆ ಅಮ್ಮನ ತಂಗಿ ಗಿರಿಜಾ ಚಿಕ್ಕಮ್ಮನೂ ಇದ್ದಳು. ಡಿಗ್ರಿ ಮುಗಿಸಿ ಮದುವೆಗೆ ಕಾದಿದ್ದಾಳೆ ಎಂದು ಮನೆಯವರು ತಿಳಿದಿದ್ದರು. ಕಾದದ್ದೇನೋ ನಿಜ, ಮಹೇಶನಿಗಾಗಿ. "ಮಗೂಗೆ ಡ್ಯಾಮ್ ತೋರಿಸ್ಕೊಂಡ್ ಬರ್ತೀನಿ" ಎಂದು ಭಾನುವಾರ ಬಂದರೆ ನನ್ನನ್ನು ಅಂಜನಾಪುರಕ್ಕೆ ಎಳೆದೊಯ್ಯುವಳು. ಒಂದೇ ಡ್ಯಾಮನ್ನು ಅಷ್ಟು ಸಲ ನೋಡಿದ ಮಗು ತಾಲೂಕಿನಲ್ಲೇ ಇರಲಿಕ್ಕಿಲ್ಲ.

ಮಹೇಶ ಅವಳ ಜೊತೆ ಕಾಲೇಜಿನಲ್ಲಿ ಓದಿದವನು, ಕುಬಟೂರಿನ ಹುಡುಗ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಸೆಂಟು ಬಳಿದು ಬರುತ್ತಿದ್ದ. ಕೈಗೆ ಮಾತ್ರ ಏಲಕ್ಕಿ, ತುಪ್ಪದ ವಾಸನೆ. ಮದುವೆ ಸೀಸನ್ನಿನಲ್ಲಿ ಸೋದರಮಾವನ ಅಡುಗೆಯವರ ಜೊತೆ ಬಡಿಸಲು ಹೋಗುತ್ತಿದ್ದ. ಅದನ್ನು ಅವನು ಮುಚ್ಚಿಟ್ಟವನೇ ಅಲ್ಲ. ಪೇಪರಿನಲ್ಲಿ ಸುತ್ತಿದ ಹೋಳಿಗೆಯನ್ನು ನನ್ನ ಕೈಗಿಟ್ಟು, ಚಪ್ಪಟೆ ಕಲ್ಲು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುವುದನ್ನು ಹೇಳಿಕೊಡುತ್ತಿದ್ದ.

"ಚಿಕ್ಕಪ್ಪಾ ಅನ್ನು, ಇನ್ನೊಂದ್ ಕೊಡ್ತೀನಿ."

ಹೋಳಿಗೆ ಕೊಟ್ಟರೆ ನಾನು ಯಾರನ್ನು ಬೇಕಾದರೂ ಚಿಕ್ಕಪ್ಪ ಅನ್ನುತ್ತಿದ್ದೆನೇನೋ. ಅವನನ್ನು ಮಾತ್ರ ಮನಸಾರೆ ಅಂದೆ. ಚಿಕ್ಕಮ್ಮ ನಾಚಿಕೊಂಡು ನನ್ನ ತಲೆಗೆ ಮೊಟಕಿದಳು.

"ಸೀಸನ್ ಮುಗೀಲಿ ಗಿರಿಜಾ, ಮಾವನ್ನ ಕರ್ಕೊಂಡು ನಿಮ್ಮನೆಗೇ ಬಂದು ಕೇಳ್ತೀನಿ."

"ಬಡಿಸೋರಿಗೆ ಹೆಣ್ಣು ಕೊಡಲ್ಲ ಅಂದ್ರೆ?"

"ಜಾತಿ ಒಂದೇ ಅಲ್ವಾ ಮಾರಾಯ್ತಿ, ಮತ್ತಿನ್ನೇನು?"

ಮತ್ತಿನ್ನೇನು ಎಂಬುದು ಸೊರಬದಲ್ಲಿ ತಿಳಿಯಿತು. ದೂರದ ನೆಂಟರ ಮದುವೆ. ಹೊರಡುವಾಗ ಅಮ್ಮ ತನ್ನ ಅವಲಕ್ಕಿ ಸರ ತೆಗೆದು ಚಿಕ್ಕಮ್ಮನ ಕೊರಳಿಗೆ ಹಾಕಿದಳು. ಯಾಕೆಂದು ಊಟಕ್ಕೆ ಕೂತಾಗ ಗೊತ್ತಾಯಿತು. ಚಿಕ್ಕಮ್ಮನನ್ನು ನೋಡಲೆಂದೇ ಬಂದ, ಹಾರ್ಡ್‌ವೇರ್ ಅಂಗಡಿಯ ಗಂಡಿನವರು ಎದುರು ಸಾಲಿನಲ್ಲೇ ಕೂತಿದ್ದರು.

"ತಲೆ ಬಗ್ಸಿ ಉಣ್ಣು. ಅವ್ರು ನಿನ್ನೇ ನೋಡ್ತಾ ಕೂತಾರೆ" ಎಂದು ಅಜ್ಜಿ ಪಿಸುಗುಟ್ಟಿದಳು.

ಅಷ್ಟರಲ್ಲಿ ಹೋಳಿಗೆ ಬುಟ್ಟಿ ಬಂತು. ಹಿಡಿದು ಬಂದವನು ಮಹೇಶ. ಬನಿಯನ್ನು, ಸೊಂಟಕ್ಕೆ ಸುತ್ತಿದ ಟವೆಲ್ಲು, ಹಣೆಯಲ್ಲಿ ಬೆವರು. ಚಿಕ್ಕಮ್ಮನನ್ನು ಕಂಡು ಅವನ ಮುಖ ಅರಳಿತು. ನನ್ನ ಬಾಯಿಗೆ 'ಚಿಕ್ಕಪ್ಪಾ' ಬಂದೇಬಿಟ್ಟಿತ್ತು, ಚಿಕ್ಕಮ್ಮ ಎಡಗೈಯಿಂದ ನನ್ನ ತೊಡೆ ಹಿಂಡಿದಳು. ಅವನು ನನ್ನ ಎಲೆಗೆ ಎರಡು ಹೋಳಿಗೆ ಹಾಕಿ ಅವಳ ಮುಂದೆ ಬಗ್ಗಿದ. ಅವಳು ತಲೆ ಎತ್ತದೆ ಎಲೆಗೆ ಕೈ ಅಡ್ಡ ಹಿಡಿದಳು.

"ಒಂದಾದ್ರೂ ಹಾಕಿಸ್ಕೊಳ್ರೀ" ಅಂದ. ಅವಳಿಗೆ ಅವನು 'ರೀ' ಅಂದದ್ದು ನಾನು ಕೇಳಿದ್ದು ಅದೇ ಮೊದಲು.

"ಬೇಡ."

ಎದುರು ಸಾಲಿನಿಂದ ಗಂಡಿನ ತಾಯಿ ಕೂಗಿದಳು, "ಏ ಹೋಳಿಗೆ, ಅಲ್ಲೇ ನಿಂತೆಯಲ್ಲೋ, ಈ ಕಡೆ ಬಾ!"

ಅವನು ಹೋದ. ಆಕೆಯ ಎಲೆಗೆ ಬಡಿಸಿ, ತುಪ್ಪ ಬೇಕಾ ಎಂದೂ ಕೇಳಿದ.

ನನಗೆ ಎದ್ದು ಅವನ ಹಿಂದೆ ಓಡಬೇಕು ಅನ್ನಿಸಿತು. ಆದರೆ ಇನ್ನೂ ಅನ್ನ, ಸಾರು, ಮಜ್ಜಿಗೆ ಬಾಕಿ ಇತ್ತು. ನಾವು ಏಳುವಂತಿಲ್ಲ, ಅವನು ಅವಳ ಎಲೆ ಬಿಟ್ಟು ಮುಂದೆ ಹೋಗುವಂತಿಲ್ಲ. ಬಂದಾಗಲೆಲ್ಲ ಅವಳ ಕೈ ಅಡ್ಡ. ಜನ್ಮದಲ್ಲಿ ಮೊದಲ ಸಲ ನಾನು ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ.

ಸೀಸನ್ ಮುಗಿಯಿತು. ಮಹೇಶ ಬರಲಿಲ್ಲ, ಹಾರ್ಡ್‌ವೇರಿನವರು ಬಂದರು. ಕೋಣೆಯಲ್ಲಿ ಒಬ್ಬಳೇ ಅಳುತ್ತಿದ್ದ ಚಿಕ್ಕಮ್ಮನಿಗೆ, "ನಂಗೆ ಚಿಕ್ಕಪ್ಪನೇ ಬೇಕು ಅಂತ ಹೇಳಿಬಿಡು" ಅಂದೆ.

"ಯಾವ ಬಾಯಲ್ಲಿ ಹೇಳ್ಲೇ? ಅವನೇ ಬಂದು ಬಡಿಸಿದಾಗ ಬೇಡ ಅಂದೋಳು ನಾನು."

ಕಣ್ಣೊರೆಸಿಕೊಂಡು ಎದ್ದು, ಹಾರ್ಡ್‌ವೇರಿನವರಿಗೆ ಕಾಫಿ ಒಯ್ದಳು.

ಈಗ ನಮ್ಮ ಕಡೆಯೂ ಬಫೆ ಬಂದಿದೆ. ತಟ್ಟೆ ಹಿಡಿದು ಯಾರು ಎಲ್ಲಿಗೆ ಬೇಕಾದರೂ ಹೋಗಬಹುದು, ಅರ್ಧಕ್ಕೇ ಬಿಟ್ಟು ಹೊರಡಲೂಬಹುದು. ಮುಂದೆ ಬಗ್ಗಿ, ಇನ್ನೊಂದು ಹಾಕಲಾ ಎಂದು ಒತ್ತಾಯ ಮಾಡುವವರು ಇಲ್ಲವಾದರು. ಕಳೆದ ವರ್ಷ ತನ್ನ ಮಗಳ ಮದುವೆಗೆ ಮಾತ್ರ ಚಿಕ್ಕಮ್ಮ ಹಟ ಹಿಡಿದು ಪಂಕ್ತಿ ಊಟವನ್ನೇ ಮಾಡಿಸಿದಳು. ಕೊನೆಯ ಸಾಲಿನಲ್ಲಿ ನಾವಿಬ್ಬರೂ ಕೂತೆವು. ಹೋಳಿಗೆ ಬಂದಾಗ ಅವಳು ಕೈ ಅಡ್ಡ ಹಿಡಿಯಲಿಲ್ಲ. ತಲೆ ಎತ್ತಿ ಬಡಿಸುವವನ ಮುಖವನ್ನೇ ನೋಡಿದಳು. ಯಾರೋ ಗುರುತಿಲ್ಲದವನು, ಕೈಗೆ ಪ್ಲಾಸ್ಟಿಕ್ ಗ್ಲೌಸು.

ಎರಡು ಹಾಕಿಸಿಕೊಂಡಳು. ಸಾಲು ಏಳುವವರೆಗೂ ಅವು ಎಲೆಯ ಮೇಲೆ ಹಾಗೆಯೇ ಇದ್ದವು.