ಪೆನ್ ಡ್ರೈವ್ ತೆರೆಯದ ಮೂರು ದಿನ

ಆದವಾನಿಯ ಒಂದು ಹತ್ತಿ ಮಿಲ್ಲಿನಲ್ಲಿ, ಅರಳೆಯನ್ನು ಒತ್ತಿ ಬೇಲುಗಳಾಗಿ, ಅಂದರೆ ದೊಡ್ಡ ಪಿಂಡಿಗಳಾಗಿ ಕಟ್ಟುವ ಪ್ರೆಸ್ಸಿನ ಮಗ್ಗುಲಿಗೆ, ಗಾಜಿನ ಕೋಣೆಯೊಂದಿದೆ. ಎಂಟು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಕಂಪ್ಯೂಟರಿಗೆ ಅರಳೆಯ ಧೂಳು ತಾಗಬಾರದೆಂದು ಕಟ್ಟಿಸಿದ ಕೋಣೆ ಅದು. ಒಳಗೆ ಕೂರುವ ಮನುಷ್ಯನ ವಿಚಾರ ಯಾರ ತಲೆಗೂ ಬಂದಿರಲಿಲ್ಲ. ಆದರೂ ಧೂಳಿಲ್ಲದ ಗಾಳಿ ಅವನಿಗೂ ಪುಕ್ಕಟೆ ಸಿಕ್ಕಿತು. ಆ ಮನುಷ್ಯ ಆಂಜಿನಪ್ಪ. ಇಪ್ಪತ್ತು ಸುಗ್ಗಿಗಳಿಂದ ಅವನು ಅಲ್ಲೇ ಕೂತಿದ್ದಾನೆ.

ಹುಟ್ಟಿದ್ದು ಹಾಲಹರವಿಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಹತ್ತನೇ ತರಗತಿ ಪಾಸಾದ ಒಂದೇ ತಪ್ಪಿಗೆ ಅಪ್ಪ ಅವನನ್ನು ಹಿಂಡಿನಿಂದ ಬೇರೆ ಮಾಡಿ ಮಿಲ್ಲಿಗೆ ತಂದು ಬಿಟ್ಟ. ಹತ್ತು ವರ್ಷ ಬೇಲು ಹೊತ್ತ. ಆಮೇಲೆ ಕಂಪ್ಯೂಟರ್ ಬಂದಾಗ ಹಳೇ ಸಾಹುಕಾರರು, "ಈ ಹುಡುಗ ಅಂಕಿ ತಪ್ಪಲ್ಲ" ಎಂದು ಎಲ್ಲರೆದುರು ಹೇಳಿ ಅವನನ್ನೇ ಅದರ ಮುಂದೆ ಕೂರಿಸಿದರು. ಆ ಒಂದು ಮಾತಿನ ಮರ್ಯಾದೆಗೆ ಆಂಜಿನಪ್ಪ ಇನ್ನೂ ಏಳಲಾರದೆ ಕೂತಿದ್ದಾನೆ ಎಂದರೂ ಸುಳ್ಳಲ್ಲ.

ಕೆಲಸ ಇಷ್ಟೇ. ಪ್ರೆಸ್ಸಿನಿಂದ ಹೊರಬಿದ್ದ ಪ್ರತಿ ಬೇಲಿನ ನಂಬರು, ತೂಕ ಅವನ ಕಂಪ್ಯೂಟರಿನಲ್ಲಿ ಸೇರಬೇಕು. ಅಲ್ಲಿಂದ ಅಂಗಳದಾಚೆಯ ಆಫೀಸಿನ ಕಂಪ್ಯೂಟರಿಗೆ ಹೋಗಬೇಕು. ಆಫೀಸಿನವರು ಪಟ್ಟಿ ಪ್ರಿಂಟು ತೆಗೆದು ಕೊಟ್ಟರೆ ಲಾರಿ ಗೇಟು ದಾಟುತ್ತದೆ. ನಡುವೆ ಹಿಂದೊಮ್ಮೆ ವೈರು ಎಳೆದಿದ್ದರು, ಇಲಿ ತಿಂದಿತು. ಅಂದಿನಿಂದ ಆ ವೈರಿನ ಕೆಲಸವನ್ನು ಒಂದು ಪೆನ್ ಡ್ರೈವ್ ಮತ್ತು ಆಂಜಿನಪ್ಪನ ಎರಡು ಕಾಲುಗಳು ಮಾಡುತ್ತಿವೆ.

ಪೆನ್ ಡ್ರೈವನ್ನು ಅವನು ಕರೀ ಉಡದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ದಾರ ಗಿಡ್ಡ. ಬಗ್ಗಿ ಚುಚ್ಚುವುದು, ಹಾಗೇ ಬಗ್ಗಿಕೊಂಡು ಕೂರುವುದು, ತುಂಬಿತೆಂದರೆ ಎದ್ದು ನಿಲ್ಲುವುದು. ಎದ್ದ ರಭಸಕ್ಕೆ ಅದು ತಾನಾಗಿ ಕಿತ್ತು ಬರುತ್ತಿತ್ತು. ಗೂಟಕ್ಕೆ ಕಟ್ಟಿದ ಕರುವಿನಂತೆ ಅವನು ಕಂಪ್ಯೂಟರಿಗೆ ಕೊರಳೊಡ್ಡಿ ಕೂತಿರುವುದನ್ನು ನೋಡಿ ಹಮಾಲರು ನಗುತ್ತಿದ್ದರು. ಆಂಜಿನಪ್ಪನಿಗೆ ಅದರಲ್ಲಿ ಒಂದು ಗತ್ತೇ ಇತ್ತು. ಮಿಲ್ಲಿನ ಜೀವ ತನ್ನ ಎದೆ ಮೇಲೆ ನೇತಾಡುತ್ತದೆ ಎಂದುಕೊಳ್ಳುತ್ತಿದ್ದ.

ಗತ್ತು ಕರಗಿ ಮೂರು ವರ್ಷವಾಗಿತ್ತು. ಈಗ ಗಾಜಿನಾಚೆ ನೋಡಿದರೆ ಉಸಿರು ಕಟ್ಟುತ್ತಿತ್ತು. ಒಂದು ಸಂಕ್ರಾಂತಿಯನ್ನೂ ಅವನು ಊರಲ್ಲಿ ಮಾಡಿರಲಿಲ್ಲ. ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡಾಗ ಮೂರನೇ ದಿನಕ್ಕೇ ಕರೆ ಬಂದಿತ್ತು, ಬೇಲಿನ ನಂಬರು ಸಿಕ್ಕಿಹಾಕಿಕೊಂಡಿದೆ ಎಂದು. ಅವನು ಬಂದಿದ್ದ. ಅದನ್ನು ನೆನೆದರೆ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಈ ಜನವರಿಯಲ್ಲಿ ಅಕ್ಕ ಲಿಂಗಕ್ಕ ಹಾಲಹರವಿಯಿಂದ ಫೋನು ಮಾಡಿದಳು. ಭಾವನ ಮೊಣಕಾಲು ಹೋಗಿದೆ. ಹಿಂಡು ಕಾಲುವೆ ಕಡೆಯ ಹೊಲಗಳಿಗೆ ತರುಬಲು ಹೊರಡಬೇಕು. ಕೊಯ್ದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರ ಬೀಳುತ್ತದೆಂದು ರೈತರು ಕರೆಯುತ್ತಿದ್ದಾರೆ.

"ಸೋಮವಾರ ಹಿಂಡು ಎಬ್ಬಸ್ತೀವಿ. ನೀ ಬರ್ತಿ ಅಂದ್ರ ನಿನಗ. ಬರಲ್ಲ ಅಂದ್ರ ಬ್ಯಾರೆದೋರಿಗೆ ಒಪ್ಪಿಸಿಬಿಡ್ತೀನಿ. ಪ್ರತಿ ವರ್ಷ ನಿನ್ನ ದಾರಿ ನೋಡಕ ನನಗ ಆಗಲ್ಲ ತಮ್ಮಾ," ಎಂದಳು.

"ಬರ್ತೀನಕ್ಕಾ," ಎಂದ. ಆಕಾಶದ ಕೆಳಗೆ ನಡೆಯುವುದು ಬಿಟ್ಟು ಈ ಲೋಕದಲ್ಲಿ ಅವನಿಗೆ ಬೇರೇನೂ ಬೇಕಿರಲಿಲ್ಲ.

ಈಗಿನ ಸಾಹುಕಾರ ತಿರುಮಲೇಶ್, ಹಳೇ ಸಾಹುಕಾರರ ಮಗ, ಬೈಯುವ ಮನುಷ್ಯನಲ್ಲ. ಬೈದಿದ್ದರೆ ಆಂಜಿನಪ್ಪ ಎಂದೋ ಬಿಟ್ಟು ಹೋಗುತ್ತಿದ್ದ. ಅವರು ಹೆಗಲ ಮೇಲೆ ಕೈ ಹಾಕುವವರು. ಕೆಲಸ ಬಿಡುತ್ತೇನೆಂದು ಕೇಳಿದಾಗಲೂ ಹಾಗೇ ಕೈ ಹಾಕಿ, "ಗುರುವಾರ ಆಫೀಸಿನ ಸಿಸ್ಟಮ್ ಹೊಸದಾಗ್ತೈತಿ ಆಂಜಿನಪ್ಪಾ. ಅದಾದ ಮ್ಯಾಲೆ ಯಾರು ಬೇಕಾದ್ರೂ ನಡಸಬಹುದಂತ. ಸುಮ್ಮನ ನಿನ್ನ ಯಾಕ ಕಟ್ಟಿಹಾಕ್ಲಿ? ಸೋಮವಾರ ಸಂತೋಷವಾಗಿ ಹೋಗು," ಎಂದರು. ಅದೇ ಮಾತಿನ ಬಾಲಕ್ಕೆ, "ಸಿಸ್ಟಮ್ ಸರಿಯಾಗಿ ನಡೀಲಿ, ಅಷ್ಟ," ಎಂದೂ ಸೇರಿಸಿದರು.

ಗುರುವಾರ ಬೆಳಿಗ್ಗೆ ಹೈದರಾಬಾದಿನ ಸಾಫ್ಟ್‌ವೇರಿನವನು ಅಲ್ಲಿಂದಲೇ ಆಫೀಸಿನ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಏರಿಸಿದ. ಮಧ್ಯಾಹ್ನ ಆಂಜಿನಪ್ಪ ಅಂಗಳ ದಾಟಿ ಬಂದು ಪೆನ್ ಡ್ರೈವ್ ಚುಚ್ಚಿದ. ದೀಪವೇನೋ ಮಿನುಗಿತು. ಪರದೆಯ ಮೇಲೆ ಮಾತ್ರ, ಇದು ಮೌಂಟ್ ಆಗುವುದಿಲ್ಲ, ಅಂದರೆ ತೆರೆಯಲಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿ ನಿಂತಿತು. ಹಿಂದಿನ ತೂತಿಗೆ ಚುಚ್ಚಿದ, ಮುಂದಿನದಕ್ಕೆ ಚುಚ್ಚಿದ. ಅದೇ ಸಾಲು. ಆಗಾಗ ಅದೇ ದಾರಕ್ಕೆ ಕಟ್ಟುತ್ತಿದ್ದ ಇನ್ನೆರಡು ಪೆನ್ ಡ್ರೈವ್‌ಗಳೂ ತೆರೆಯಲಿಲ್ಲ.

"ದಸರಾದಾಗ ಪೂಜಿ ಮಾಡಿ ಕುಂಕುಮ ಮೆತ್ತೀರಲ್ಲ, ಅದು ಒಳಗ ಹೋಗೈತಿ," ಎಂದ ಗೇಟು ಕಾಯುವ ನರಸಪ್ಪ. ಎಲ್ಲರಿಗೂ ಅದು ನಿಜವೆನಿಸಿತು. ಹಲ್ಲುಜ್ಜುವ ಬ್ರಷ್ಷು ತಂದು ತೂತುಗಳನ್ನು ಉಜ್ಜಿದರು. ಕುಂಕುಮವೂ ಬಂತು, ಅರಳೆಯೂ ಬಂತು. ಡ್ರೈವ್ ತೆರೆಯಲಿಲ್ಲ.

ಶುಕ್ರವಾರಕ್ಕೆ ಅಂಗಳದಲ್ಲಿ ಐದು ಲಾರಿ ನಿಂತವು. ಆಫೀಸಿನಲ್ಲಿ ಪಟ್ಟಿ ತೆಗೆಯುವ ಪಲ್ಲವಿ ಹೊಸ ಪೆನ್ ಡ್ರೈವ್ ತರಿಸಿದಳು. ಖಾಲಿ ಇದ್ದಾಗ ಅದು ಆಫೀಸಿನಲ್ಲಿ ಚೆನ್ನಾಗಿಯೇ ತೆರೆಯಿತು. ಆಂಜಿನಪ್ಪ ಅದನ್ನು ಉಡದಾರಕ್ಕೆ ಕಟ್ಟಿ, ತನ್ನ ಕೋಣೆಯಲ್ಲಿ ತುಂಬಿಸಿಕೊಂಡು ಬಂದರೆ ಮತ್ತೆ ಅದೇ ಸಾಲು. ಹೈದರಾಬಾದಿನವನಿಗೆ ಫೋನು ಮಾಡಿದರು. ಅವನು ತೆಲುಗಿನಲ್ಲಿ ಕೇಳಿದ, "ಎಜೆಕ್ಟ್ ಚೇಸೇ ತೀಸ್ತುನ್ನಾರಾ ಅನ್ನಾ?" ಅಂದರೆ, ತೆಗೆಯುವ ಮುಂಚೆ ಪರದೆ ಮೇಲೆ ಒತ್ತಿ, ಅದು ಅಪ್ಪಣೆ ಕೊಟ್ಟ ಮೇಲೇ ತೆಗೆಯುತ್ತಿದ್ದೀರಾ ಎಂದು.

ಸುತ್ತ ಜನ. ಎದುರಿಗೆ ಸಾಹುಕಾರರು. ಇಪ್ಪತ್ತು ವರ್ಷದ ಅನುಭವಸ್ಥನನ್ನು ಕೇಳುವ ಪ್ರಶ್ನೆಯೇ ಅದು? ಆಂಜಿನಪ್ಪನಿಗೆ ಕಿವಿ ಬಿಸಿಯಾಯಿತು. "ಆಂ, ಎಜೆಕ್ಟ್ ಚೇಸ್ತಾನು," ಎಂದು ಒಂದು ಸುಳ್ಳು ಒಗೆದ. ಆ ಹುಡುಗ ನಂಬಿ, ಹಾಗಾದರೆ ತೊಂದರೆ ಬೇರೆಲ್ಲೋ ಇದೆ ಎಂದು ಆ ದಿನವೆಲ್ಲ ಬೇರೆಲ್ಲೋ ಹುಡುಕಿದ.

ಸಾಹುಕಾರರು ಹೆಗಲ ಮೇಲೆ ಕೈಯಿಟ್ಟರು. "ನೀನ ನೋಡ್ಬೇಕಪ್ಪಾ. ಇದು ಸರಿ ಆಗೋತನಕ ಹಾಲಹರವಿ ಮಾತು ಬ್ಯಾಡ."

ಕೈ ಹಗುರವಾಗಿಯೇ ಇತ್ತು. ಆದರೂ ಅದರ ಕೆಳಗೆ ಆಂಜಿನಪ್ಪ ಕುಸಿದುಹೋದ. ಒಲ್ಲೆ ಎನ್ನಬೇಕು, ಎದ್ದು ಹೋಗಬೇಕು ಎಂದು ಒಳಗೆ ಏನೋ ಕೂಗುತ್ತಿತ್ತು. ಬಾಯಿ ಮಾತ್ರ, "ಆತ್ರೀ" ಎಂದಿತು.

ಶನಿವಾರ ಬೆಳಿಗ್ಗೆ ಗಾಜಿನ ಬಾಗಿಲು ಹಾಕಿಕೊಂಡು ಅವನು ಒಬ್ಬನೇ ಕೂತ. ಖಾಲಿ ಇದ್ದಾಗ ತೆರೆಯುತ್ತದೆ, ನನ್ನ ಕೈಗೆ ಬಂದು ಹೋದ ಮೇಲೆ ತೆರೆಯುವುದಿಲ್ಲ. ಇದನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡ. ಮೂರನೇ ಸಲಕ್ಕೆ ಆ ಹುಡುಗನ ಪ್ರಶ್ನೆ ತಲೆಗೆ ಹೊಕ್ಕಿತು. ಪೆನ್ ಡ್ರೈವನ್ನು ತನ್ನ ಕಂಪ್ಯೂಟರಿಗೆ ಚುಚ್ಚಿ, ದೋಷ ಇದೆಯೇ ನೋಡು ಎನ್ನುವ ಗುಂಡಿಯನ್ನು ಹುಡುಕಿ ಒತ್ತಿದ. ಹಸಿರು ಗೆರೆ ನಿಧಾನವಾಗಿ ತುಂಬಿತು. ದೋಷವಿತ್ತು, ಸರಿ ಮಾಡಿದ್ದೇನೆ ಎಂದು ಬಂತು. ಆಮೇಲೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಎಜೆಕ್ಟ್ ಒತ್ತಿ, ಇನ್ನು ತೆಗೆಯಬಹುದು ಎಂದು ಪರದೆ ಹೇಳುವವರೆಗೂ ಕಾದ. ಬೆರಳಿನಿಂದ ಹಿಡಿದು ತೆಗೆದ.

ಆಫೀಸಿನಲ್ಲಿ ಎಲ್ಲರೂ ಚಹಾಕ್ಕೆ ಹೋಗಿದ್ದರು. ಚುಚ್ಚಿದ. ಬೇಲಿನ ಪಟ್ಟಿಗಳೆಲ್ಲ ಸಾಲಾಗಿ ತೆರೆದುಕೊಂಡವು.

ಅಯ್ಯೋ, ಇಷ್ಟೇ! ಕೆಟ್ಟದ್ದು ಯಾವುದೂ ಇರಲಿಲ್ಲ. ಎದ್ದು ನಿಂತು ಕಿತ್ತುಕೊಂಡಾಗಲೆಲ್ಲ ಡ್ರೈವಿನೊಳಗೆ, ಅರ್ಧಕ್ಕೇ ಕಿತ್ತಿದ್ದಾರೆ ಎಂಬ ಗುರುತು ಉಳಿಯುತ್ತಿತ್ತು. ಹಳೇ ಸಿಸ್ಟಮ್ ಅದನ್ನು ನೋಡಿಯೂ ನೋಡದಂತೆ ಒಳಗೆ ಬಿಡುತ್ತಿತ್ತು. ಹೊಸದು ಬಾಗಿಲಲ್ಲೇ ತಡೆಯುತ್ತಿತ್ತು. ಮೂರು ದಿನ ಐದು ಲಾರಿ, ಒಂದು ಹಿಂಡು, ಒಬ್ಬ ಅಕ್ಕ, ಎಲ್ಲವನ್ನೂ ತಡೆದು ನಿಲ್ಲಿಸಿದ್ದು ತನ್ನ ಗಿಡ್ಡ ದಾರ ಮತ್ತು ಒಂದು ಸುಳ್ಳು. ಆಂಜಿನಪ್ಪನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಕೂಗಿ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಹೇಳಿದರೆ ಏನಾಗುತ್ತದೆ? ನೋಡಿದಿರಾ, ಹೈದರಾಬಾದಿನವನಿಂದ ಆಗದ್ದು ಆಂಜಿನಪ್ಪ ಮಾಡಿದ ಎನ್ನುತ್ತಾರೆ. ಹೆಗಲ ಮೇಲೆ ಕೈ ಬೀಳುತ್ತದೆ. ಈ ಸುಗ್ಗಿಯೂ ಇಲ್ಲೇ ಮುಗಿಯುತ್ತದೆ. ಕೆಡಿಸಿದರೂ ಅವನೇ ಉಳಿಯಬೇಕು, ಸರಿ ಮಾಡಿದರೂ ಅವನೇ ಉಳಿಯಬೇಕು. ದಾರಿ ಒಂದೇ. ಇದು ಬೇರೊಬ್ಬರ ಕೈಯಲ್ಲಿ ಸರಿಯಾಗಬೇಕು, ಎಲ್ಲರ ಕಣ್ಣೆದುರು.

ಡ್ರೈವನ್ನು ಮತ್ತೆ ಜೋಪಾನವಾಗಿ ತೆಗೆದು, ಚಹಾ ಮುಗಿಸಿ ಬಂದ ಪಲ್ಲವಿಯನ್ನು ಗಾಜಿನ ಕೋಣೆಗೆ ಕರೆದ. ಅವಳಿಗೆ ಇಪ್ಪತ್ತಾರು. ಡಿಗ್ರಿ ಮಾಡಿ, ಎರಡು ವರ್ಷದಿಂದ ಈ ಮಿಲ್ಲಿನಲ್ಲಿ ಸುಗ್ಗಿ ಮುಗಿಯುವವರೆಗಿನ ಕೆಲಸದಲ್ಲಿದ್ದಾಳೆ. ಅವಳ ತಾಯಿ ಗಾದಿಲಿಂಗಮ್ಮ ಇದೇ ಮಿಲ್ಲಿನಲ್ಲಿ, ಬೀಜ ಬೇರ್ಪಡಿಸುವ ಗಿನ್ನಿಂಗ್ ಯಂತ್ರಕ್ಕೆ ಹತ್ತಿ ಹಾಕುವ ಹೆಂಗಸು.

ಅಂದು ಮಧ್ಯಾಹ್ನದವರೆಗೆ ಅವನು ಅವಳಿಗೆ ಎಲ್ಲ ಕಲಿಸಿದ. ದೋಷ ತೆಗೆಯುವುದು, ಎಜೆಕ್ಟ್ ಒತ್ತಿ ಕಾಯುವುದು. ಅಷ್ಟೇ ಅಲ್ಲ, ನಂಬರು ಸಿಕ್ಕಿಹಾಕಿಕೊಂಡರೆ ಏನು ಒತ್ತಬೇಕು, ತೂಕದ ಯಂತ್ರ ಮುನಿಸಿಕೊಂಡರೆ ಹೇಗೆ ಎಬ್ಬಿಸಬೇಕು, ಎಲ್ಲ. ಅವಳು ನೋಟ್‌ಬುಕ್ಕಿನಲ್ಲಿ ತೆಲುಗಿನಲ್ಲಿ ಬರೆದುಕೊಂಡಳು. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಕೇಳಲಿಲ್ಲ.

"ಇಷ್ಟ ಏನು ಮಾಮಾ?" ಎಂದಳು ಕೊನೆಗೆ.

"ಇಷ್ಟ ನೋಡವ್ವಾ."

ಅವಳು ನೋಟ್‌ಬುಕ್ಕಿನ ಮೊದಲ ಹಾಳೆಗೆ ತಿರುವಿದಳು. "ಹೋದ ವರ್ಷ ನಾ ಕೇಳಿದ್ದೆ ನಿಮ್ಮನ್ನ. ಪ್ರೆಸ್ಸಿನ ಕಂಪ್ಯೂಟರ್ ನನಗೂ ಕಲಸ್ರಿ, ಎರಡೂ ಬಂದ್ರ ಸಾವ್ಕಾರ್ರು ವರ್ಷಪೂರ್ತಿ ಕೆಲಸ ಕೊಡ್ತೀನಂದಾರ ಅಂತ. ಅದು ನಿನ್ನ ಕೈಲಾಗೋ ಕೆಲಸ ಅಲ್ಲ, ವರ್ಷಗಟ್ಟಲೆ ಬೇಕು ಅಂದ್ರಿ. ಕೆಲಸ ಸಿಕ್ಕಿದ್ರ ಅವ್ವನ್ನ ಗಿನ್ನಿಂಗಿನಿಂದ ಬಿಡಿಸ್ಬೇಕಂತ ಮಾಡಿದ್ದೆ. ಡಾಕ್ಟರ್ ಆಗ್ಲೇ ಹೇಳಿದ್ರು, ಇನ್ನೊಂದು ಸುಗ್ಗಿ ಆ ಧೂಳಿನಾಗ ಕೂಡಬ್ಯಾಡಂತ."

ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಅಷ್ಟು ಹೇಳಿ ನೋಟ್‌ಬುಕ್ ಮಡಚಿದಳು. ಆಂಜಿನಪ್ಪನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಹಾಗೆ ಕೇಳಿದವಳು ಇವಳೊಬ್ಬಳೇ ಅಲ್ಲ. ಮೊದಲು ಸಾಯಿಕುಮಾರ್ ಎಂಬವನು ಕೇಳಿದ್ದ. ಅವನಿಗೆ ಎಲ್ಲ ಕಲಿಸಿ, ಮುಖ್ಯವಾದದ್ದೊಂದನ್ನು ಮುಚ್ಚಿಟ್ಟಿದ್ದ. ತನ್ನನ್ನು ಬಿಡುವುದಿಲ್ಲ, ಬಿಡುವುದಿಲ್ಲ ಎಂದು ಊರೆಲ್ಲ ಗೋಳಾಡಿದ ಆಂಜಿನಪ್ಪನೇ, ಬಿಟ್ಟರೆ ತಾನು ಯಾರು ಎಂಬ ಹೆದರಿಕೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದ. ಆ ಚಿಲಕ ಹಾಕಿದಾಗ ಹೊರಗೆ ಯಾರು ಉಳಿದರು ಎಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಮಧ್ಯಾಹ್ನ ಸಾಹುಕಾರರ ಎದುರಿಗೆ ಪಲ್ಲವಿ ಡ್ರೈವ್ ತುಂಬಿಸಿದಳು, ತೆಗೆದಳು, ಅಂಗಳ ದಾಟಿ ಬಂದು ಆಫೀಸಿನಲ್ಲಿ ಚುಚ್ಚಿದಳು. ತೆರೆಯಿತು. ಪ್ರಿಂಟರು ಗರಗರ ಎಂದಿತು. ಒಂದರ ಹಿಂದೆ ಒಂದು ಲಾರಿ ಗೇಟು ದಾಟಿದವು.

"ಮತ್ತ ಇಷ್ಟು ದಿನ ಏನಾಗಿತ್ತು?" ಎಂದು ಸಾಹುಕಾರರು ಕೇಳಿದರು.

"ಡ್ರೈವ್ ನಾನ ತಪ್ಪಾಗಿ ತೆಗೀತಿದ್ದೆ ಸಾವ್ಕಾರ್ರೇ. ಫೋನಿನಾಗ ಸುಳ್ಳೂ ಹೇಳಿದೆ. ಆಕಿ ಸರಿ ಮಾಡಿದ್ಲು. ಪ್ರೆಸ್ಸಿಂದೂ ಎಲ್ಲ ಆಕಿಗೆ ಬರ್ತೈತಿ," ಎಂದ ಆಂಜಿನಪ್ಪ.

ಸಾಹುಕಾರರು ಅವನನ್ನು ನೋಡಿದರು, ಅವಳನ್ನು ನೋಡಿದರು. ಹೆಗಲಿಗೆ ಕೈ ಬರಲಿಲ್ಲ. "ಹಂಗಾದ್ರ ಪಲ್ಲವಿ, ಸೋಮವಾರದಿಂದ ನೀನ ಅಲ್ಲಿ ಕೂಡು, ವರ್ಷಪೂರ್ತಿ. ನೀನೂ ಹೊರಡು ಆಂಜಿನಪ್ಪಾ," ಎಂದು ಫೋನು ಎತ್ತಿಕೊಂಡರು. ಇಪ್ಪತ್ತು ವರ್ಷ ಬಿಡದಿದ್ದದ್ದು ಒಂದು ಗಳಿಗೆಯಲ್ಲಿ ಬಿಟ್ಟುಹೋಯಿತು.

ಚೀಲ ಹೆಗಲಿಗೇರಿಸಿ ಅವನು ಗೇಟಿನ ಕಡೆ ಹೊರಟ. ಹಾಲಹರವಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಅರ್ಧ ಅಂಗಳ ನಡೆದು, ತಿರುಗಿ, ಗಿನ್ನಿಂಗ್ ಶೆಡ್ಡಿನೊಳಗೆ ಹೋದ. ಇಪ್ಪತ್ತು ವರ್ಷದಲ್ಲಿ ಅವನು ಅಲ್ಲಿಗೆ ಕಾಲಿಟ್ಟದ್ದು ನಾಲ್ಕಾರು ಸಲವೂ ಇಲ್ಲ. ಅರಳೆ ಗಾಳಿಯಲ್ಲಿ ತೇಲಿ ಕಣ್ಣು, ಮೂಗು ತುಂಬಿತು. ಸೀರೆಯ ಸೆರಗನ್ನು ಬಾಯಿಗೆ ಬಿಗಿದ ಹೆಂಗಸರು ಸಾಲಾಗಿ ನಿಂತು ಬುಟ್ಟಿಯಿಂದ ಯಂತ್ರಗಳಿಗೆ ಹತ್ತಿ ಹಾಕುತ್ತಿದ್ದರು. ಮೂರನೇ ಯಂತ್ರದ ಹತ್ತಿರ ಗಾದಿಲಿಂಗಮ್ಮ ಕೆಮ್ಮಿ, ಎದೆ ಒತ್ತಿಕೊಂಡು, ಮತ್ತೆ ಬಗ್ಗಿದಳು.

ಅವನು ಹತ್ತಿರ ಹೋಗಿ ಹೇಳಿದ. ಯಂತ್ರಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅವಳು ಸೆರಗು ಸರಿಸಿ, "ಏನಂದಿ ಅಣ್ಣಾ?" ಎಂದಳು.

ಪಿಸುಮಾತಿನಲ್ಲಿ ಮುಗಿಸಬೇಕೆಂದು ಬಂದಿದ್ದನ್ನು ಕಿರುಚಿ ಹೇಳಬೇಕಾಯಿತು. "ನಿನ್ನ ಮಗಳಿಗೆ ವರ್ಷಪೂರ್ತಿ ಕೆಲಸ ಸಿಕ್ಕೈತಿ! ಹೋದ ವರ್ಷನೇ ಸಿಗ್ತಿತ್ತು. ನಾನು ಕಲಿಸ್ಲಿಲ್ಲ! ಬೇಕಂತ ಕಲಿಸ್ಲಿಲ್ಲ!"

ಸಾಲಿನ ಹೆಂಗಸರೆಲ್ಲ ತಿರುಗಿ ನೋಡಿದರು. ಗಾದಿಲಿಂಗಮ್ಮನ ಕಣ್ಣು ಮೊದಲು ಅರಳಿತು, ಆಮೇಲೆ ಅವನ ಮುಖದ ಮೇಲೇ ನಿಂತಿತು. ಬೈಗುಳಕ್ಕೆ ಅವನು ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಕೆಮ್ಮು ಬಂತು, ಮುಗಿಯುವವರೆಗೂ ಕೆಮ್ಮಿದಳು.

"ಇದೇ ಕಡೇ ಬುಟ್ಟಿ, ಹಾಕಿಬಿಟ್ಟು ಬರ್ತೀನಂತ ಹೇಳಣ್ಣಾ ಆಕಿಗೆ," ಎಂದು ಸೆರಗನ್ನು ಮತ್ತೆ ಬಾಯಿಗೆ ಬಿಗಿದುಕೊಂಡಳು.